ಹರಿಯ ಕಣ್ಣಿಗೆ ಬಿದ್ದ ಹೂ

ಕೊಪ್ಪದಲ್ಲಿ ಸೀತಕ್ಕ ಎಂದು ಕೇಳಿದರೆ ನಾಲ್ಕು ಮನೆ ತೋರಿಸುತ್ತಾರೆ. ಇಲಿ ಸೀತಕ್ಕ ಅಂದರೆ ಮಾತ್ರ ಒಬ್ಬಳೇ. ಬಾಳಗಡಿಯ ಒಂದು ಖಾಸಗಿ ಔಷಧ ಕಾಲೇಜಿನ ಹಿಂದುಗಡೆ, ಪ್ರಯೋಗದ ಇಲಿಗಳನ್ನು ಸಾಕುವ ಉದ್ದನೆಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅವಳದೇ ರಾಜ್ಯಭಾರ. ಮೊದಮೊದಲು ಜನ ಹಾಗೆ ಕರೆದಾಗ ಸಿಟ್ಟು ಬರುತ್ತಿತ್ತು. ಈಗ ಫೋನಿನಲ್ಲಿ ಯಾರಾದರೂ "ಯಾವ ಸೀತಕ್ಕ?" ಅಂದರೆ ತಾನೇ "ಇಲಿ" ಎಂದುಬಿಡುತ್ತಾಳೆ.

ಮನೆಯಲ್ಲಿ ಇಲಿ ಕಂಡರೆ ಪೊರಕೆ ಹುಡುಕುವ ಜನ ನಾವು. ಸೀತಕ್ಕನೋ ಅವುಗಳ ಬಾಣಂತನ ಮಾಡುವವಳು. ಪಂಜರಕ್ಕೆ ಭತ್ತದ ಹೊಟ್ಟು ಹಾಸುವುದು, ನೀರಿನ ಬಾಟಲಿ ಕುದಿಸುವುದು, ತಾಯಿ ಇಲಿ ಮರಿಗಳನ್ನು ಗೂಡು ಮಾಡಿಟ್ಟುಕೊಂಡಾಗ ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡದಂತೆ ನೋಡಿಕೊಳ್ಳುವುದು, ಎಲ್ಲ ಅವಳದೇ. ಪ್ರತಿ ಪಂಜರಕ್ಕೂ ಒಂದು ಚೀಟಿ. ಅಪ್ಪ ಯಾರು, ಅಮ್ಮ ಯಾರು, ಎಂದು ಹುಟ್ಟಿದವು, ಎಷ್ಟನೇ ದಿನ ಕಣ್ಣು ಬಿಟ್ಟವು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿರುತ್ತಾಳೆ. ಕಾಲೇಜಿನ ಹುಡುಗರಿಗೆ ಅಜ್ಜಿಯ ಅಮ್ಮನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಸೀತಕ್ಕನ ಇಲಿಗಳಿಗೆ ಏಳು ತಲೆಮಾರಿನ ವಂಶಾವಳಿ ಇತ್ತು.

ಅವಳಿಗೆ ವಯಸ್ಸು ನಲವತ್ತಾರು. ಮದುವೆಯಾಗಿಲ್ಲ. ಕೊಪ್ಪದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. ಪಕ್ಕದ ಮನೆಯ ಮಾಲತಿ ಪ್ರತಿ ಶುಕ್ರವಾರ ಒಂದು ಮೊಳ ಹೂ ತಂದುಕೊಡುತ್ತಾಳೆ, ಸೀತಕ್ಕ ಅದನ್ನು ದೇವರ ಪಟಕ್ಕೆ ಹಾಕಿಬಿಡುತ್ತಾಳೆ. "ಒಂದು ದಿನವಾದ್ರೂ ಮುಡ್ಕೊಳ್ಳೇ ಮಾರಾಯ್ತಿ, ಹೂ ಎಂತ ಕಚ್ತದಾ?" ಎಂದು ಮಾಲತಿ ಕೇಳಿ ಕೇಳಿ ಸಾಕಾಗಿ ಬಿಟ್ಟಳು. ಸೀತಕ್ಕ ಹೂ ಮುಡಿಯುವುದನ್ನು ಬಿಟ್ಟದ್ದು ಒಂಬತ್ತನೆಯ ವಯಸ್ಸಿನಲ್ಲಿ. ಕಾರಣ ನರಸಿಂಹರಾಜಪುರದಲ್ಲಿತ್ತು.

ಅಲ್ಲಿ ಅವಳ ತಮ್ಮ ಹರಿಹರ, ತಾಯಿ ಸರಸ್ವತಮ್ಮ ಇರುತ್ತಾರೆ. ಹರಿಗೆ ಕಣ್ಣು ಕಾಣುವುದಿಲ್ಲ. ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎಂದು ತಿಳಿಯುತ್ತದೆ, ಅಷ್ಟೆ. ಅವನು ಮೂರು ತಿಂಗಳ ಕೂಸಾಗಿದ್ದಾಗ ಕಣ್ಣಲ್ಲಿ ಗೀಜು ಬರುತ್ತಿತ್ತು. ಅಪ್ಪನ ತಾಯಿ, ಮನೆಯನ್ನೆಲ್ಲ ನಡುಗಿಸುತ್ತಿದ್ದ ಅಜ್ಜಿ, ಸೀತೆಗೆ ಹೇಳಿದರು: "ನಂದಿಬಟ್ಟಲು ಹೂ ಕೊಯ್ದು, ನೀರಲ್ಲಿ ಅದ್ದಿ ಮಗು ಕಣ್ಣಿಗೆ ಹಿಂಡು. ತೊಟ್ಟು ಚಿವುಟಿ ಬಿಸಾಕು ಮತ್ತೆ, ಅದ್ರ ಹಾಲು ನಂಜು." ನಂದಿಬಟ್ಟಲು ಕಣ್ಣಿಗೆ ತಂಪು ಎನ್ನುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಕೊಂಬೆಯಿಂದ ಮುರಿದರೆ ಬಿಳೀ ಹಾಲು ಒಸರುವುದೂ ಗೊತ್ತು. ಒಂಬತ್ತು ವರ್ಷದ ಸೀತೆ ಹೂ ಕೊಯ್ದಳು, ಹಿಂಡಿದಳು. ತೊಟ್ಟು ಚಿವುಟಿದ್ದಳೇ ಇಲ್ಲವೇ?

ಹೂ ಹಿಂಡಿ ಒಂದು ತಿಂಗಳಾದ ಮೇಲೆ ಮಗುವನ್ನು ಮೊದಲ ಸಲ ಅಂಗಳದ ಬಿಸಿಲಿಗೆ ತಂದಾಗ ಪಕ್ಕದ ಮನೆಯ ಚಿಕ್ಕಕ್ಕ ಬಗ್ಗಿ ನೋಡಿ, "ಅಯ್ಯೋ, ಕೂಸಿನ ಕಣ್ಣಿಗೆ ಹೂ ಬಿದ್ದಿದೆಯಲ್ಲೇ" ಅಂದಳು. ಕಣ್ಣಲ್ಲಿ ಬಿಳುಪು ಕಂಡರೆ ನಮ್ಮಲ್ಲಿ ಹಾಗೆಯೇ ಹೇಳುವುದು, ಹೂ ಬಿತ್ತು ಎಂದು. ಅದು ಬರೀ ಹೆಸರು. ಆದರೆ ಆ ಮನೆಯಲ್ಲಿ ಆ ಮಾತು ಬೇರೆಯೇ ಆಗಿ ಕೇಳಿಸಿತು. "ಹೂ ಹಾಕಿದ್ದು ಯಾರು?" ಎಂದರು ಅಜ್ಜಿ. ಎಲ್ಲರೂ ಸೀತೆಯ ಕಡೆ ತಿರುಗಿದರು. "ತೊಟ್ಟು ಚಿವುಟಿದ್ಯೇನೇ?" ಎಂದು ಎಷ್ಟು ಸಲ ಕೇಳಿದರೆಂದರೆ, ಸಂಜೆಯ ಹೊತ್ತಿಗೆ ಹುಡುಗಿಗೆ ತಾನು ಚಿವುಟಿರಲೇ ಇಲ್ಲ ಎಂದು ಖಾತ್ರಿಯಾಯಿತು. ಒಂದು ಹೆಸರಿಗೂ ಒಂದು ಗಿಡದ ಹೂವಿಗೂ ಗಂಟು ಹಾಕಿ ಒಂದು ಮಗುವಿನ ಕೊರಳಿಗೆ ಕಟ್ಟಿದರಲ್ಲ, ಇದನ್ನು ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಅಪ್ಪ ಗಣೇಶಮೂರ್ತಿ ಮದುವೆಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಸಾಧು ಮನುಷ್ಯ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸೋಣ ಎಂದು ಎರಡು ಸಲ ಹೊರಟರು. ಎರಡು ಸಲವೂ ಸರಸ್ವತಮ್ಮನೇ ತಡೆದರು. "ಹಾಲು ಬಿದ್ದು ಸುಟ್ಟ ಕಣ್ಣಿಗೆ ಡಾಕ್ಟ್ರು ಎಂತ ಮಾಡ್ತಾರೆ? ಎಳೇ ಕೂಸಿನ ಕಣ್ಣಿಗೆ ಚಾಕು ಹಾಕಿಸೋದು ಬೇಡ." ಅಪ್ಪ ಸುಮ್ಮನಾದರು. ಅಮ್ಮ ಮಾತ್ರ ಸೀತೆಗೆ ಒಂದೇ ಒಂದು ಮಾತೂ ಬೈಯಲಿಲ್ಲ. ಅದಕ್ಕಾಗಿ ಸೀತೆ ಅಮ್ಮನನ್ನು ಪೂಜೆ ಮಾಡುವಷ್ಟು ಹಚ್ಚಿಕೊಂಡಳು. ಮುಂದೆ ಬಂದ ಸಂಬಂಧಗಳಿಗೆಲ್ಲ ತಾನೇ ಬೇಡ ಅಂದಳು. ತಮ್ಮನ ಕಣ್ಣು ತೆಗೆದವಳು ಮದುವೆ ಮಾಡಿಕೊಂಡು ಹೋದರೆ ಅವನನ್ನು ನೋಡುವವರು ಯಾರು?

ಹರಿ ಕುಗ್ಗಿ ಕೂರುವ ಆಸಾಮಿಯಲ್ಲ. ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ ಇದೆ. ಅವನಿಗೆ ಬಸ್ಸಿನ ಶಬ್ದದಲ್ಲೇ ಯಾವ ಬಸ್ಸು, ಯಾವ ಡ್ರೈವರು ಎಂದು ಗೊತ್ತಾಗುತ್ತದೆ. ಇಪ್ಪತ್ತು ವರ್ಷಗಳಿಂದ ಸ್ಟ್ಯಾಂಡಿನ ಕಂಬಕ್ಕೆ ಒರಗಿ, ಬಸ್ಸು ತಿರುವಿನಲ್ಲಿ ಇರುವಾಗಲೇ, "ಬಾಳೆಹೊನ್ನೂರು, ಬಾಳೆಹೊನ್ನೂರು", "ಕೊಪ್ಪಾ, ಶೃಂಗೇರಿ" ಎಂದು ಕೂಗುತ್ತಾನೆ. ಜನ ಬೋರ್ಡು ನೋಡುವ ಅಭ್ಯಾಸವನ್ನೇ ಬಿಟ್ಟಿದ್ದಾರೆ. ಭಾನುವಾರ ಸಂಜೆ ಅಕ್ಕ ಹೊರಡುವಾಗ ಮಾತ್ರ "ಕೊಪ್ಪಾ, ಬಾಳಗಡೀ, ಇಲಿ ಸೀತಕ್ಕಾ" ಎಂದು ಸೇರಿಸುತ್ತಾನೆ. ಬಸ್ಸಿಗೆ ಬಸ್ಸೇ ನಗುತ್ತದೆ. ಆ ನಗುವಿನಲ್ಲಿ ಸೀತಕ್ಕನೂ ನಗುತ್ತಾಳೆ, ಒಳಗೆ ಮಾತ್ರ ಕಲ್ಲು ಹಾಗೇ ಇರುತ್ತದೆ.

ಹೀಗಿರುವಾಗ ಕಾಲೇಜಿಗೆ ಶ್ರೀರಕ್ಷಾ ಬಂದಳು. ಇಪ್ಪತ್ತೆಂಟರ ಹುಡುಗಿ, ಬಸರೀಕಟ್ಟೆಯವಳು, ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಕೆಲಸ ಇಲಿಯ ಕಣ್ಣಿನ ಮಸೂರದ ಮೇಲೆ. ಕಣ್ಣಿನೊಳಗೆ, ಕಪ್ಪು ಬೊಟ್ಟಿನ ಹಿಂದೆ ಇರುವ ಪಾರದರ್ಶಕ ಮಣಿಯೇ ಮಸೂರ. ಅದರ ತುಂಬ ಇರುವುದು ಪ್ರೋಟೀನು. ಆ ಪ್ರೋಟೀನು ಎಲ್ಲ ಇಲಿಗಳಲ್ಲೂ ಒಂದೇ ಥರ ಇರುವುದಿಲ್ಲ, ತಳಿಯಿಂದ ತಳಿಗೆ ಕೂದಲೆಳೆಯಷ್ಟು ವ್ಯತ್ಯಾಸ, ಅದು ಅಪ್ಪ ಅಮ್ಮಂದಿರಿಂದ ಮರಿಗಳಿಗೆ ಹೇಗೆ ಇಳಿಯುತ್ತದೆ ಎಂದು ಅವಳು ನೋಡಬೇಕಿತ್ತು. ಅದಕ್ಕೆ ಸೀತಕ್ಕನ ಚೀಟಿಗಳು ಬೇಕಿದ್ದವು. "ಸೀತಕ್ಕ, ನಿಮ್ಮ ಚೀಟಿ ನೋಡಿದ್ರೆ ನನ್ನ ಗೈಡ್‌ಗೂ ನಾಚಿಕೆ ಆಗ್ಬೇಕು" ಅಂದಳು. ಸೀತಕ್ಕನಿಗೆ ಹುಡುಗಿ ಹಿಡಿಸಿದಳು.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಹದಿನಾಲ್ಕನೇ ದಿನದ ಮರಿಗಳು ಕಣ್ಣು ಬಿಟ್ಟವೋ ಎಂದು ನೋಡಲು ಸೀತಕ್ಕ ಹತ್ತೊಂಬತ್ತನೇ ಪಂಜರ ತೆರೆದಳು. ಏಳು ಕರೀ ಮರಿಗಳು. ಎಲ್ಲವೂ ಕಣ್ಣು ಬಿಟ್ಟಿದ್ದವು. ಮೂರರ ಕಣ್ಣಲ್ಲಿ ಕಪ್ಪು ಬೊಟ್ಟು ಇರಬೇಕಾದ ಕಡೆ ಬಿಳುಪು ಕೂತಿತ್ತು, ಬೇಯದ ಸಬ್ಬಕ್ಕಿಯ ಕಾಳಿನ ಹಾಗೆ. ಇದೇ ಬಿಳುಪು. ಮೂವತ್ತೇಳು ವರ್ಷಗಳಿಂದ ಹರಿಯೊಡನೆ ಊಟಕ್ಕೆ ಕೂತಾಗಲೆಲ್ಲ ಎದುರಿಗೆ ಕಾಣುವ ಬಿಳುಪು.

ಅವಳಿಗೆ ಮೊದಲು ಹೊಳೆದದ್ದು ಬ್ಲೀಚಿಂಗ್ ನೀರು. ಪಂಜರ ಒರೆಸುವಾಗ ಹನಿ ಸಿಡಿದಿರಬೇಕು. ನನ್ನ ಕೈಯೇ ಇಂಥದ್ದು ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಆ ಪಂಜರದ ಚೀಟಿಯಲ್ಲಿ ಕಣ್ಣು ಬಿಟ್ಟ ದಿನದ ಮುಂದೆ ಏನೂ ಬರೆಯದೆ ಖಾಲಿ ಬಿಟ್ಟು, ಪಂಜರವನ್ನು ಕೆಳಗಿನ ಸಾಲಿನ ಮೂಲೆಗೆ ಸರಿಸಿದಳು. ಬ್ಲೀಚಿಂಗ್ ಬಿಟ್ಟು ಬಿಸಿನೀರಿನಲ್ಲೇ ಎಲ್ಲವನ್ನೂ ತೊಳೆಯತೊಡಗಿದಳು. ಅದೇ ತಾಯಿ ಮತ್ತೆ ಮರಿ ಹಾಕಿತು. ಸೀತಕ್ಕ ಆ ಗೂಡನ್ನು ಮುಟ್ಟಲೇ ಇಲ್ಲ. ಹದಿನಾಲ್ಕನೇ ದಿನ ನೋಡಿದರೆ ನಾಲ್ಕು ಮರಿಗಳಿಗೆ ಬಿಳೀ ಕಣ್ಣು.

ಅವಳು ಪಂಜರ ಎತ್ತಿಕೊಂಡು ನೇರ ಲ್ಯಾಬಿಗೆ ಹೋಗಿ ಮೇಜಿನ ಮೇಲಿಟ್ಟಳು. "ಮೇಡಂ, ನನ್ನ ಕೈಯಿಂದ ಆಗಿದ್ದು. ಹ್ಯಾಗೆ ಅಂತ ಗೊತ್ತಾಗ್ತಾ ಇಲ್ಲ. ನನ್ನ ಕೆಲಸದಿಂದ ತೆಗೀರಿ, ಆದ್ರೆ ಇವಕ್ಕೆ ಎಂತಾದ್ರೂ ಮಾಡಕ್ಕಾಗ್ತದಾ ನೋಡಿ."

ಶ್ರೀರಕ್ಷಾ ಮರಿಯೊಂದನ್ನು ಅಂಗೈಯಲ್ಲಿ ಹಿಡಿದು ಟಾರ್ಚು ಬಿಟ್ಟಳು. ಇನ್ನೊಂದಕ್ಕೆ ಬಿಟ್ಟಳು. ಆಮೇಲೆ ತಾಯಿ ಇಲಿಯ ಕಣ್ಣು ನೋಡಿದಳು, ಬಹಳ ಹೊತ್ತು. "ಸೀತಕ್ಕ, ಇಲ್ಲಿ ನೋಡಿ. ಇದಕ್ಕೂ ಇದೆ, ಸಣ್ಣದೊಂದು ಚುಕ್ಕೆ. ಇದು ನಿಮ್ಮ ಕೈಯಿಂದ ಬಂದಿದ್ದಲ್ಲ. ಅಮ್ಮನಿಂದ ಬಂದಿದ್ದು."

ಮುಂದಿನ ವಾರ ಅವಳು ಸೀತಕ್ಕನನ್ನು ಕರೆದು ತೋರಿಸಿದಳು. ಮಸೂರದ ಪ್ರೋಟೀನನ್ನು ಒಂದು ತೆಳ್ಳನೆಯ ಅಂಟಿನ ಹಾಳೆಯಲ್ಲಿ ಕರೆಂಟಿನಿಂದ ಓಡಿಸಿ ನೀಲಿ ಬಣ್ಣ ಕೊಟ್ಟಿದ್ದಳು. ನೀಲಿ ಗೆರೆಗಳು ಮೆಟ್ಟಿಲಿನ ಹಾಗೆ ಸಾಲಾಗಿ ಕಂಡವು. ಕಣ್ಣು ಸರಿ ಇದ್ದ ಮರಿಗೆ ಒಂದು ಜಾಗದಲ್ಲಿ ಒಂದೇ ಗೆರೆ. ಬಿಳೀ ಕಣ್ಣಿನ ಮರಿಗೆ ಅಲ್ಲೇ ಕೆಳಗೆ ಇನ್ನೊಂದು. ತಾಯಿ ಇಲಿಗೂ ಅದೇ ಇನ್ನೊಂದು ಗೆರೆ. "ಮೊಟ್ಟೆಯ ಬಿಳಿ ಹಸಿ ಇದ್ದಾಗ ನೀರಿನ ಹಾಗೆ ಇರ್ತದೆ, ಬೆಂದ್ರೆ ಬೆಳ್ಳಗಾಗ್ತದಲ್ಲ. ಈ ಪ್ರೋಟೀನು ಸ್ವಲ್ಪ ಬದಲಾಗಿದ್ರೆ ಬೇಯಿಸದೇ ಹಾಗೆ ಗಟ್ಟಿಯಾಗ್ತದೆ. ಒಂದಕ್ಕೆ ಚುಕ್ಕೆಯಾಗಿ ನಿಲ್ತದೆ, ಇನ್ನೊಂದಕ್ಕೆ ಕಣ್ಣೇ ತುಂಬ್ತದೆ. ಎರಡೂ ಒಂದೇ. ಹುಟ್ಟುವಾಗಲೇ ಬಂದಿರ್ತದೆ."

ಸೀತಕ್ಕ ಆ ಇನ್ನೊಂದು ಗೆರೆಯ ಮೇಲೆ ಬೆರಳಿಟ್ಟಳು. "ಹೊರಗಿಂದ ಎಂತಾದ್ರೂ ಬಿದ್ರೆ ಹಿಂಗೆ ಆಗಲ್ವಾ ಮೇಡಂ? ಯಾವ್ದಾದ್ರೂ ಗಿಡದ ಹಾಲು?"

"ಹಾಲು ಬಿದ್ರೆ ಹೊರಗಿನ ಗಾಜು ಸುಡ್ತದೆ, ಅಲ್ಲಿ ಕಲೆಯಾಗ್ತದೆ. ಇದು ಒಳಗಿಂದು. ಒಳಗೆ ಹೋಗಿ ಇದನ್ನ ಮಾಡಕ್ಕೆ ಯಾವ ಹಾಲಿಗೂ ಆಗಲ್ಲ."

ಸೀತಕ್ಕ ಫೋನು ತೆಗೆದಳು. ಹರಿಯ ಫೋಟೊ ದೊಡ್ಡದು ಮಾಡಿ ಹಿಡಿದಳು. ಶ್ರೀರಕ್ಷಾ ನೋಡಿದಳು. "ಇವರ ಕಣ್ಣಿನ ಹೊರಗಿನ ಗಾಜು ಹೊಳೀತಾ ಇದೆ, ಬಿಳುಪು ಒಳಗಿದೆ. ನಾನು ಡಾಕ್ಟರಲ್ಲ ಸೀತಕ್ಕ, ಆದ್ರೆ ಹುಟ್ಟಿನ ಪೊರೆ ಅಂತ್ಲೇ ಕಾಣ್ತದೆ. ಎರಡು ಮೂರು ತಿಂಗಳೊಳಗೆ ಆಪರೇಷನ್ ಮಾಡಿಸಿದ್ರೆ ಇಂಥ ಮಕ್ಕಳು ಎಷ್ಟೋ ಜನ ನೋಡ್ತಾರೆ, ಶಾಲೆಗೆ ಹೋಗ್ತಾರೆ. ಈಗ ತಡ ಆಯ್ತು, ಮಿದುಳು ನೋಡೋದನ್ನೇ ಕಲ್ತಿಲ್ಲ. ಆದ್ರೂ ತೋರಿಸ್ಬಹುದು. ಯಾರಿವರು?"

ಸೀತಕ್ಕ ಫೋನು ಆರಿಸಿ ಹೊರಟಳು. ಇಲಿಗಳ ಕೋಣೆಗೆ ಬಂದು ಹೊಟ್ಟಿನ ಚೀಲದ ಮೇಲೆ ಕುಸಿದು ಕೂತಳು. ತನ್ನ ತಪ್ಪಲ್ಲ ಎಂದು ತಿಳಿದರೆ ಸಂತೋಷವಾಗಬೇಕಿತ್ತಲ್ಲ? ಆಗಲಿಲ್ಲ. ಇಷ್ಟು ವರ್ಷ ಹೊತ್ತ ಹೊರೆಯನ್ನು ಯಾರೋ ಏಕಾಏಕಿ ಎಳೆದುಕೊಂಡರೆ ಮುಗ್ಗರಿಸುವ ಹಾಗಾಗಿತ್ತು. ಅದಕ್ಕಿಂತ ಹೆಚ್ಚಾಗಿ ತಾಯಿ ಇಲಿಯ ಕಣ್ಣಿನ ಆ ಚುಕ್ಕೆ ಅವಳನ್ನು ಬಿಡಲಿಲ್ಲ.

ಅಮ್ಮ ಹಗಲಲ್ಲಿ ತಲೆ ಎತ್ತಿ ನಡೆದದ್ದನ್ನು ಅವಳು ನೋಡಿರಲೇ ಇಲ್ಲ. ನೆತ್ತಿಯ ಮೇಲಿನ ಸೆರಗು ಹುಬ್ಬಿನವರೆಗೆ. ಸರಸ್ವತಮ್ಮ ಎದುರಿದ್ದವರ ಮುಖ ನೋಡಿ ಮಾತಾಡುವವಳಲ್ಲ, ಎಂಥ ಸಂಕೋಚದ ಹೆಂಗಸು ಎಂದು ಊರೆಲ್ಲ ಹೊಗಳುತ್ತಿತ್ತು. ಅಕ್ಕಿ ಆರಿಸುವುದು ಹಿಂದಿನ ಕತ್ತಲೆ ಕೋಣೆಯಲ್ಲಿ. ಬಿಸಿಲಿಗೆ ಬಂದರೆ ಸೂಜಿಗೆ ದಾರ ಪೋಣಿಸಲಾಗದು, ಒಳಗೆ ಬಂದರೆ ಸಲೀಸು. ಹೆಣ್ಣು ನೋಡುವ ಶಾಸ್ತ್ರ ಕೂಡ ದೀಪ ಹಚ್ಚುವ ಹೊತ್ತಿಗೇ ಆಗಿತ್ತಂತೆ, ಅಜ್ಜಿ ಅದನ್ನೊಂದು ವಿಶೇಷವೆಂದು ಹೇಳುತ್ತಿದ್ದರು. ಶ್ರೀರಕ್ಷಾಳನ್ನು ಇದರ ಬಗ್ಗೆ ಕೇಳಿದಾಗ ಅವಳೆಂದಳು: "ನಡುವೆ ಚುಕ್ಕೆ ಇದ್ದವರಿಗೆ ಬಿಸಿಲಲ್ಲಿ ಕಮ್ಮಿ ಕಾಣ್ತದೆ ಸೀತಕ್ಕ, ಬೆಳಕು ಕಡಿಮೆ ಇದ್ದಲ್ಲೇ ವಾಸಿ."

ಭಾನುವಾರ ಸೀತಕ್ಕ ನರಸಿಂಹರಾಜಪುರಕ್ಕೆ ಬಂದಳು. ಮಧ್ಯಾಹ್ನ, ಹರಿ ಇನ್ನೂ ಸ್ಟ್ಯಾಂಡಿನಲ್ಲಿದ್ದ. ಅವನು ಕೂಗುವುದು ಅಡುಗೆಮನೆಗೆ ಕೇಳುತ್ತಿತ್ತು. ಸರಸ್ವತಮ್ಮ ಮೂಲೆಯಲ್ಲಿ ಕೂತು ಹುರುಳಿ ಆರಿಸುತ್ತಿದ್ದರು.

"ಅಮ್ಮ, ಸ್ವಲ್ಪ ಮುಖ ಎತ್ತು" ಅಂದಳು ಸೀತಕ್ಕ. ಅವರು ಏನೆಂದು ಕೇಳುವ ಮೊದಲೇ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದಳು. ಎರಡೂ ಕಣ್ಣಿನ ನಟ್ಟನಡುವೆ ಒಂದೊಂದು ಬಿಳೀ ಚುಕ್ಕೆ, ರಾಗಿಕಾಳಿನಷ್ಟು. ಹತ್ತೊಂಬತ್ತನೇ ಪಂಜರದ ತಾಯಿಗೆ ಇದ್ದದ್ದೇ.

ಸರಸ್ವತಮ್ಮ ಅಂಗೈಯಿಂದ ಕಣ್ಣು ಮುಚ್ಚಿಕೊಂಡರು. ಸೀತಕ್ಕ ಟಾರ್ಚು ಆರಿಸಿದಳು.

"ನಿಂಗೆ ಗೊತ್ತಿತ್ತಾ?"

"ನನ್ನಮ್ಮಂಗೂ ಇತ್ತು" ಅಂದರು ಸರಸ್ವತಮ್ಮ, ಮೊರದ ಕಡೆ ನೋಡುತ್ತ. "ನಮ್ಮ ಸೋದರಮಾವನಿಗೆ ಹುಟ್ಟಾ ಕಣ್ಣಿರ್ಲಿಲ್ಲ. ನನ್ನ ಮದುವೆ ಮಾತುಕತೆಲಿ ಅವನನ್ನ ಹಿತ್ಲ ಕೊಟ್ಟಿಗೆಲಿ ಕೂರಿಸಿದ್ರು."

"ಹರಿ ಕಣ್ಣು?"

"ಹುಟ್ಟಿ ಹತ್ತನೇ ದಿನ ನೋಡಿದ್ದೆ. ಕಾಡಿಗೆ ದಪ್ಪ ಹಚ್ತಿದ್ದೆ. ಬಿಸಿಲಿಗೆ ತರ್ಲಿಲ್ಲ."

ಹತ್ತನೇ ದಿನ. ಹೂ ಹಿಂಡಿದ್ದು ಮೂರನೇ ತಿಂಗಳು. ಸೀತಕ್ಕ ಮನಸ್ಸಿನಲ್ಲೇ ಆ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಅವಳ ಕೈ ಆ ಗಿಡವನ್ನು ಮುಟ್ಟುವ ಎರಡೂವರೆ ತಿಂಗಳ ಮೊದಲೇ.

"ಅಜ್ಜಿ ನನ್ನ ಕೇಳ್ತಾ ಇದ್ದಾಗ ನೀನು ಅಲ್ಲೇ ಇದ್ದೆ. ಬಾಗಿಲಲ್ಲೇ ನಿಂತಿದ್ದೆ."

"ಎಂತ ಹೇಳ್ಲಿ ಕೂಸೆ? ವಂಶದಲ್ಲಿ ಇದೆ ಅಂತ ಗೊತ್ತಾಗಿದ್ರೆ ಅವತ್ತೇ ನನ್ನ ತೌರಿಗೆ ಅಟ್ಟುತಿದ್ರು. ಡಾಕ್ಟ್ರ ಹತ್ರ ಹೋದ್ರೆ ಅವ್ರು ಮೊದ್ಲು ನನ್ನ ಕಣ್ಣೇ ನೋಡ್ತಿದ್ರು. ನಿನ್ನನ್ನಾದ್ರೂ ಯಾರು ಮದುವೆ ಆಗ್ತಿದ್ರು? ನಿನ್ನ ಮದುವೆ ನಿಲ್ಬಾರ್ದು ಅಂತ ಬಾಯಿ ಮುಚ್ಕೊಂಡೆ."

ಮದುವೆಯಾಗದೆ ನಲವತ್ತಾರಾದ ಮಗಳ ಮುಂದೆ ಕೂತು ಅವರು ಈ ಮಾತು ಹೇಳಿದರು. ಆಮೇಲೆ ಇನ್ನೂ ಮೆಲ್ಲಗೆ ಅಂದರು: "ನೀನು ಒಂಬತ್ತು ವರ್ಷದ ಹುಡುಗಿ. ಸ್ವಲ್ಪ ದಿನ ಅಳ್ತೀಯ, ಆಮೇಲೆ ಮರ್ತು ಹೋಗ್ತದೆ ಅಂದ್ಕೊಂಡೆ."

ಸೀತಕ್ಕ ಕಿರುಚಲಿಲ್ಲ. ಅವಳಿಗೆ ಕಿರುಚಬೇಕು ಅನಿಸಿತು, ಮೊರವನ್ನು ಅಂಗಳಕ್ಕೆ ಎಸೆಯಬೇಕು ಅನಿಸಿತು. ಪೂಜೆ ಮಾಡಿದ ಅಮ್ಮ ಇವಳೇ. ಒಂದು ಮಾತೂ ಬೈಯಲಿಲ್ಲ ಎಂದು ಯಾರ ಋಣದಲ್ಲಿ ಇಷ್ಟು ವರ್ಷ ಬದುಕಿದ್ದಳೋ ಆಕೆ ಬೈಯದಿದ್ದದ್ದು ಯಾಕೆಂದು ಈಗ ತಿಳಿಯಿತು.

ಆಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಸ್ಟ್ಯಾಂಡಿನ ಕೂಗು ಯಾವಾಗ ನಿಂತಿತ್ತೋ ಇಬ್ಬರಿಗೂ ಗಮನವಿರಲಿಲ್ಲ. ಹರಿ ಹೊಸ್ತಿಲ ಆಚೆ ನಿಂತಿದ್ದ. ಮುಖ ನೋಡಿದರೆ ಎಲ್ಲ ಕೇಳಿಸಿಕೊಂಡಿದ್ದಾನೆ ಎಂದು ಗೊತ್ತಾಗುತ್ತಿತ್ತು.

"ಅಕ್ಕ, ಆ ಹತ್ತನೇ ದಿನವೇ ನನ್ನ ಕರ್ಕೊಂಡು ಹೋಗಿದ್ರೆ ಕಾಣ್ತಿತ್ತಾ?"

ಸರಸ್ವತಮ್ಮ ಮಗಳ ಸೆರಗು ಹಿಡಿದರು. ಬೇಡ ಎಂದು ತಲೆಯಾಡಿಸಿದರು. ಸೀತಕ್ಕನಿಗೂ ಒಂದು ಕ್ಷಣ ಸುಳ್ಳು ಹೇಳಿಬಿಡೋಣ ಅನಿಸಿತು, ಅವನಾದರೂ ನೆಮ್ಮದಿಯಾಗಿರಲಿ ಎಂದು. ಅಮ್ಮನೂ ಹೀಗೆಯೇ ಶುರು ಮಾಡಿದ್ದಿರಬೇಕು ಎಂದು ಹೊಳೆಯಿತು.

"ಕಾಣ್ತಿತ್ತು ಹರಿ. ಪೂರ್ತಿ ಅಲ್ದಿದ್ರೂ ಕಾಣ್ತಿತ್ತಂತೆ" ಅಂದಳು.

ಅವನು ತಲೆಯಾಡಿಸಿದ. ಊಟಕ್ಕೆ ಒಳಗೆ ಬರಲಿಲ್ಲ. ತಿರುಗಿ ಸ್ಟ್ಯಾಂಡಿಗೆ ಹೋದ. ಬಾಳೆಹೊನ್ನೂರಿನ ಬಸ್ಸು ಬಂತು, ಹೋಯಿತು. ಯಾರೂ ಕೂಗಲಿಲ್ಲ. ನಾಲ್ಕು ಗಂಟೆಗೆ ಸೀತಕ್ಕ ಚೀಲ ತೆಗೆದುಕೊಂಡು ಬಂದಾಗ ಅವನು ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ. ಕೊಪ್ಪದ ಬಸ್ಸು ತಿರುವಿನಲ್ಲಿ ಶಬ್ದ ಮಾಡಿತು. ಅವನ ಗಂಟಲು ಅಭ್ಯಾಸಬಲದಿಂದ ಅಲ್ಲಾಡಿತು, ಮಾತು ಬರಲಿಲ್ಲ. ಜನ ಗೊಂದಲಗೊಂಡು ಬೋರ್ಡು ಓದತೊಡಗಿದರು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಎಂತ ಹರಿಯಣ್ಣ, ಗಂಟಲು ಕಟ್ತಾ?" ಎಂದ.

ಸೀತಕ್ಕ ತಮ್ಮನ ಪಕ್ಕದಲ್ಲಿ ನಿಂತಳು. "ಮುಂದಿನ ವಾರ ಶಿವಮೊಗ್ಗಕ್ಕೆ ಹೋಗಿ ತೋರಿಸೋಣ. ಕಾಲೇಜಿನ ಮೇಡಂ ಜಾಸ್ತಿ ಆಸೆ ಇಟ್ಕೊಳ್ಳೋದು ಬೇಡ ಅಂದಿದಾರೆ. ಆದ್ರೂ ಹೋಗೋಣ."

ಅವನು ಅವಳ ಧ್ವನಿ ಬಂದ ಕಡೆ ಮುಖ ತಿರುಗಿಸಿದ. ಇಳಿಬಿಸಿಲಿನಲ್ಲಿ ಕಣ್ಣಿನೊಳಗಿನ ಬಿಳುಪು ಹೊಳೆಯಿತು.

"ಅಕ್ಕ, ಬುದ್ಧಿ ಬಂದಾಗಿಂದ ನಾನು ದಿನಾ ಬೆಳಿಗ್ಗೆ ಎದ್ದು ನಿನ್ನ ಕ್ಷಮಿಸ್ತಿದ್ದೆ" ಅಂದ. "ಪಾಪ ಸಣ್ಣವಳಿದ್ಲು, ಬೇಕಂತ ಮಾಡಿದ್ದಲ್ಲ ಅಂತ ನಂಗೆ ನಾನೇ ಹೇಳ್ಕೊಂಡು ಎದ್ದು ಬರ್ತಿದ್ದೆ. ನಾಳೆ ಬೆಳಿಗ್ಗೆ ನಾನು ಎಂತ ಹೇಳ್ಕೊಂಡು ಏಳ್ಲಿ?"

ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಸೀತಕ್ಕ ಬಸ್ಸು ಹತ್ತಲಿಲ್ಲ.